ಜೀವಕೋಶಕ್ಕೂ ಬೇಕು ಕಾಲೂರಲು ನೆಲ

ಹೊಸ ಕಾವಲಿಯ ಮೇಲೆ ಹೊಯ್ದ ಮೊದಲ ದೋಸೆ ಸುಲಭಕ್ಕೆ ಮೇಲೇಳುವುದಿಲ್ಲ. ಕಾವಲಿಯನ್ನು ಪಳಗಿಸಬೇಕು. ಎಣ್ಣೆ ಸವರಿ, ಕಾಯಿಸಿ, ಅರ್ಧ ಹೋಳು ಈರುಳ್ಳಿಯಿಂದ ಉಜ್ಜಿ, ನಾಲ್ಕಾರು ದೋಸೆಗಳನ್ನು ಬಲಿಕೊಟ್ಟ ಮೇಲೆ ಅದು ಹದಕ್ಕೆ ಬರುತ್ತದೆ. ಆಮೇಲೂ ಕಬ್ಬಿಣ ಅದೇ, ಹಿಟ್ಟು ಅದೇ, ಉರಿಯೂ ಅದೇ. ಆದರೆ ದೋಸೆ ಮಾತ್ರ ಕಾಗದದಂತೆ ಎದ್ದು ಬರುತ್ತದೆ. ಬದಲಾದದ್ದು ಮೇಲಿನ ಒಂದು ತೆಳು ಪದರ, ಅಷ್ಟೇ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಮುತ್ತಾಗಿ ಉರುಳಿಹೋಗುವುದಕ್ಕೂ ಎಲೆಯೊಳಗಿನ ರಸ ಕಾರಣವಲ್ಲ. ಹೊರಮೈಯ ಮೇಣ ಮತ್ತು ಕಣ್ಣಿಗೆ ಕಾಣದ ಸಣ್ಣ ಉಬ್ಬುಗಳು ಕಾರಣ.

ವಸ್ತುವಿನ ಗುಣ ಬೇರೆ, ಅದರ ಮೈಯ ಗುಣ ಬೇರೆ. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ಮಾತನ್ನು ಜೀವವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಳ್ಳಲು ಬಹಳ ಕಾಲ ಬೇಕಾಯಿತು. ಗಾಜಿನ ತಟ್ಟೆಯಲ್ಲೋ ಪ್ಲಾಸ್ಟಿಕ್ ತಟ್ಟೆಯಲ್ಲೋ ಜೀವಕೋಶಗಳನ್ನು ಬೆಳೆಸುವಾಗ ಅವರ ಗಮನವೆಲ್ಲ ತಟ್ಟೆಗೆ ಸುರಿಯುವ ಪೋಷಕ ದ್ರವದ ಮೇಲಿತ್ತು. ಸಕ್ಕರೆ ಎಷ್ಟು, ಲವಣ ಎಷ್ಟು, ಹಾರ್ಮೋನು ಎಷ್ಟು ಎಂದು ಅಳೆದು ತೂಗಿ ಹಾಕುತ್ತಿದ್ದರು. ಕೋಶ ಕೂತಿದ್ದ ನೆಲವನ್ನು ಮಾತ್ರ ಯಾರೂ ಹೆಚ್ಚಾಗಿ ವಿಚಾರಿಸಲಿಲ್ಲ. ಕೊನೆಗೆ ವಿಚಾರಿಸಿದಾಗ ತಿಳಿದುಬಂದ ಸಂಗತಿ ಸಣ್ಣದಲ್ಲ. ಒಂದು ಕೋಶ ಬದುಕಬೇಕೇ ಸಾಯಬೇಕೇ ಎಂಬ ತೀರ್ಮಾನದಲ್ಲಿ ಅನ್ನಕ್ಕೆ ಇರುವಷ್ಟೇ ಪಾಲು ನೆಲಕ್ಕೂ ಇದೆ!

ಮೊದಲು ಬರುವ ನೆಂಟರು

ಕೋಶದ ಕಥೆಗೆ ಹೋಗುವ ಮೊದಲು ಪ್ರೋಟೀನಿನ ಕಥೆ ಹೇಳಬೇಕು. ಏಕೆಂದರೆ ಎಲ್ಲಿಯೇ ಆಗಲಿ ಮೊದಲು ಬಂದು ಚಾಪೆ ಹಾಸಿಕೊಳ್ಳುವುದು ಅದೇ.

ರಕ್ತದೊಳಗೆ ಒಂದು ಪ್ಲಾಸ್ಟಿಕ್ ನಳಿಗೆಯನ್ನೋ ಲೋಹದ ಸ್ಟೆಂಟನ್ನೋ ಇಟ್ಟಿರೆಂದು ಭಾವಿಸಿ. ಕೆಲವೇ ಕ್ಷಣಗಳಲ್ಲಿ ಅದರ ಮೈತುಂಬ ಪ್ರೋಟೀನು ಅಂಟಿಕೊಳ್ಳುತ್ತದೆ. ರಕ್ತದಲ್ಲಿ ನೂರಾರು ಬಗೆಯ ಪ್ರೋಟೀನುಗಳಿವೆ. ಅವುಗಳಲ್ಲಿ ಸಂಖ್ಯೆ ಹೆಚ್ಚಿರುವ, ಚುರುಕಾಗಿ ಓಡಾಡುವ ಆಲ್ಬುಮಿನ್‌ನಂಥವು ಮೊದಲು ಬಂದು ಜಾಗ ಹಿಡಿಯುತ್ತವೆ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಸ್ವಲ್ಪ ಹೊತ್ತಿಗೆ ಫೈಬ್ರಿನೊಜೆನ್‌ನಂಥ ದೊಡ್ಡ ಪ್ರೋಟೀನು ನಿಧಾನವಾಗಿ ಬಂದು, ಮೊದಲು ಕೂತವರನ್ನು ಎಬ್ಬಿಸಿ ತಾನು ಕೂರುತ್ತದೆ. ಆಮೇಲೆ ಅದನ್ನೂ ಎಬ್ಬಿಸುವ ಮತ್ತೊಂದು ಬರುತ್ತದೆ. ಈ ಕುರ್ಚಿ ಕಾಳಗವನ್ನು ಗಮನಿಸಿ ವಿವರಿಸಿದವರು ಲಿಯೋ ವ್ರೋಮನ್. ಹಾಲೆಂಡಿನಲ್ಲಿ 1915ರಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದು, ಬಳಿಕ ಅಮೆರಿಕದಲ್ಲಿ ನೆಲೆಸಿ ರಕ್ತದ ಅಧ್ಯಯನ ಮಾಡಿದವರು. ಡಚ್ ಭಾಷೆಯ ದೊಡ್ಡ ಕವಿ ಕೂಡ. 2014ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲೇ ಇಂದಿಗೂ ಇದನ್ನು ‘ವ್ರೋಮನ್ ಪರಿಣಾಮ’ ಎಂದು ಕರೆಯುತ್ತಾರೆ.

ಇದರ ಅರ್ಥ ಏನು? ಆಮೇಲೆ ಅಲ್ಲಿಗೆ ಬರುವ ಜೀವಕೋಶಕ್ಕೆ ಪ್ಲಾಸ್ಟಿಕ್ಕೂ ಕಾಣುವುದಿಲ್ಲ, ಲೋಹವೂ ಕಾಣುವುದಿಲ್ಲ. ಅದಕ್ಕೆ ಸಿಗುವುದು ಮೊದಲೇ ಹಾಸಿರುವ ಪ್ರೋಟೀನಿನ ಚಾಪೆ. ಯಾವ ಪ್ರೋಟೀನು ಕೂತಿದೆ, ಯಾವ ಭಂಗಿಯಲ್ಲಿ ಕೂತಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ರಕ್ತ ಹೆಪ್ಪುಗಟ್ಟುವುದೋ ಇಲ್ಲವೋ, ನಳಿಗೆಯ ಮೇಲೆ ಬ್ಯಾಕ್ಟೀರಿಯಗಳು ಲೋಳೆಯ ಕೋಟೆ ಕಟ್ಟುವವೋ ಇಲ್ಲವೋ ಎಲ್ಲವೂ ಅದರ ಮೇಲೆ.

ಕೋಶ ಈ ಚಾಪೆಯನ್ನು ಹಿಡಿಯುವುದು ಹೇಗೆ? ಅದರ ಹೊರಮೈಯಲ್ಲಿ ಇಂಟಿಗ್ರಿನ್ ಎಂಬ ‘ಕೈ’ಗಳಿವೆ. ಫೈಬ್ರೊನೆಕ್ಟಿನ್ ಎಂಬ ಪ್ರೋಟೀನಿನಲ್ಲಿ ಈ ಕೈಗಳಿಗೆ ಬೇಕಾದ ಹಿಡಿ ಇದೆ. ಫೈಬ್ರೊನೆಕ್ಟಿನ್ ಸಾವಿರಾರು ಅಮೈನೋ ಆಮ್ಲಗಳ ಉದ್ದನೆಯ ಸರ. ಆದರೆ ಕೋಶಕ್ಕೆ ಬೇಕಾದದ್ದು ಅದರಲ್ಲಿ ಒತ್ತೊತ್ತಾಗಿ ಬರುವ ಮೂರೇ ಮೂರು ಮಣಿಗಳು: ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ. ಇದನ್ನು 1984ರಲ್ಲಿ ಕಂಡುಹಿಡಿದವರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಮೈಕೆಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರುವೊಸ್ಲಾಟಿ. ಇಂಟಿಗ್ರಿನ್ ಸಂಶೋಧನೆಗಾಗಿ ರುವೊಸ್ಲಾಟಿ, ರಿಚರ್ಡ್ ಹೈನ್ಸ್ ಮತ್ತು ತಿಮೋತಿ ಸ್ಪ್ರಿಂಗರ್ ಅವರಿಗೆ 2022ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಲೆನ್ಸಿನ ಲೇಪ

ನೆಲದ ಬಗ್ಗೆ ಗಂಭೀರವಾದ ಅನುಮಾನ ಎತ್ತಿದವರಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಒಬ್ಬರು. ಗೆಡ್ಡೆಗಳು ಬೆಳೆಯಬೇಕಾದರೆ ಹೊಸ ರಕ್ತನಾಳಗಳನ್ನು ತಮ್ಮೆಡೆಗೆ ಸೆಳೆದುಕೊಳ್ಳಬೇಕು ಎಂದು 1971ರಲ್ಲೇ ಹೇಳಿ ಹೆಸರಾದವರು. ಅವರೂ ಆನ್ ಮೊಸ್ಕೋನಾ ಎಂಬವರೂ ಸೇರಿ 1978ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕಣ್ಣಿಗೆ ಹಾಕುವ ಮೆದು ಕಾಂಟ್ಯಾಕ್ಟ್ ಲೆನ್ಸ್ ಇದೆಯಲ್ಲ, ಅದನ್ನು ತಯಾರಿಸುವ ಪದಾರ್ಥವನ್ನೇ ಪ್ಲಾಸ್ಟಿಕ್ ತಟ್ಟೆಗೆ ಲೇಪಿಸಿದರು. ಆ ಲೇಪಕ್ಕೆ ಕೋಶಗಳು ಅಂಟುವುದಿಲ್ಲ. ಲೇಪ ತೆಳುವಾಗಿದ್ದರೆ ಕೋಶ ಒಂದಿಷ್ಟು ಅಂಟಿ ಚಪ್ಪಟೆಯಾಗುತ್ತದೆ. ದಪ್ಪವಾಗಿದ್ದರೆ ಅಂಟಲಾರದೆ ಗುಂಡಗೆ ಉಳಿಯುತ್ತದೆ. ಕೋಶ ಹೆಚ್ಚು ಗುಂಡಗಾದಷ್ಟೂ ಹೊಸ ಡಿಎನ್‌ಎ ತಯಾರಿಸುವುದನ್ನು ಕಡಿಮೆ ಮಾಡುತ್ತಿತ್ತು. ಅಂದರೆ ವಿಭಜನೆಯಾಗುವ ಉತ್ಸಾಹವೇ ಇಳಿಯುತ್ತಿತ್ತು.

ಅನ್ನ ಒಂದೇ, ಆಕಾರ ಬೇರೆ, ಹಣೆಬರಹವೂ ಬೇರೆ. ಆದರೆ ಇಲ್ಲಿ ತಕರಾರು ಎತ್ತಬಹುದಿತ್ತು. ಕೋಶ ಸೊರಗಿದ್ದು ಆಕಾರ ಗುಂಡಗಾದದ್ದರಿಂದಲೋ, ಅಥವಾ ನೆಲಕ್ಕೆ ಅಂಟಿದ ಕೈಗಳ ಸಂಖ್ಯೆ ಕಡಿಮೆಯಾದದ್ದರಿಂದಲೋ? ಲೇಪದ ದಪ್ಪ ಬದಲಿಸಿದಾಗ ಎರಡೂ ಒಟ್ಟಿಗೇ ಬದಲಾಗುತ್ತವೆ. ಇದನ್ನು ಬಿಡಿಸಿ ನೋಡಬೇಕಾದರೆ ಅಣು ಅಣುವಿನ ಲೆಕ್ಕವೂ ಗೊತ್ತಿರುವ ನೆಲ ಬೇಕು. ಎಲ್ಲಿ ಅಂಟಬೇಕು, ಎಲ್ಲಿ ಅಂಟಬಾರದು ಎಂದು ನಾವು ಹೇಳಿದಂತೆ ಕೇಳುವ ನೆಲ. ಅಂಥ ನೆಲವನ್ನು ಮಾಡಿಕೊಟ್ಟವರು ಜೀವವಿಜ್ಞಾನಿಗಳಲ್ಲ, ರಸಾಯನ ವಿಜ್ಞಾನಿಗಳು.

ಕೊಳ, ಬೋಗುಣಿ, ಬಂಗಾರ

ಒಂದೇ ಅಣುವಿನಷ್ಟು ದಪ್ಪದ ಪದರ ಎಂದರೆ ಹೊಸ ಕಲ್ಪನೆಯಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಗ್ಲೆಂಡಿನಲ್ಲಿದ್ದಾಗ ಲಂಡನ್ ಹತ್ತಿರದ ಕ್ಲ್ಯಾಪಮ್ ಎಂಬಲ್ಲಿನ ಕೊಳಕ್ಕೆ ಒಂದು ಟೀ ಚಮಚ ಎಣ್ಣೆ ಸುರಿದರು. ಅದು ಹರಡುತ್ತ ಹರಡುತ್ತ ಸುಮಾರು ಅರ್ಧ ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಗುಂಟೆ ನೀರನ್ನು ಅಲೆಯಿಲ್ಲದೆ ನುಣುಪಾಗಿಸಿತು. 1774ರಲ್ಲಿ ಅವರು ಇದನ್ನು ಪ್ರಕಟಿಸಿದರು. ಐದು ಮಿಲಿಲೀಟರ್ ಎಣ್ಣೆಯನ್ನು ಎರಡು ಸಾವಿರ ಚದರ ಮೀಟರಿಗೆ ಹಂಚಿ ನೋಡಿ: ಎಣ್ಣೆಯ ದಪ್ಪ ಎರಡೂವರೆ ನ್ಯಾನೊಮೀಟರ್ ಎಂದು ಸಿಗುತ್ತದೆ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಭಾಗಾಕಾರವನ್ನು ಫ್ರಾಂಕ್ಲಿನ್ ಮಾಡಲಿಲ್ಲ. ಮಾಡಿದ್ದರೆ ಅಣುವಿನ ಗಾತ್ರ ಅಂದೇ ಅವರ ಕೈಗೆ ಸಿಗುತ್ತಿತ್ತು.

ನೂರು ವರ್ಷ ಕಳೆದ ಮೇಲೆ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಎಂಬ ಯುವತಿ ತನ್ನ ಮನೆಯಲ್ಲೇ ನೀರಿನ ಬೋಗುಣಿಯಲ್ಲಿ ಜಿಡ್ಡಿನ ಪದರವನ್ನು ಹಿಗ್ಗಿಸಿ ಕುಗ್ಗಿಸಿ ಅಳೆದರು. ಕಾಲೇಜು ಮೆಟ್ಟಿಲು ಹತ್ತುವ ಅವಕಾಶ ಇಲ್ಲದ ಹೆಣ್ಣುಮಗಳು. ಆಕೆ ಬರೆದ ಪತ್ರವನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ 1891ರಲ್ಲಿ ‘ನೇಚರ್’ ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದರು. ಅದೇ ದಾರಿಯಲ್ಲಿ ಮುಂದೆ ಹೋದ ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್ ಅವರಿಗೆ 1932ರಲ್ಲಿ ನೊಬೆಲ್ ಬಹುಮಾನ ಬಂತು.

ಆದರೆ ನೀರಿನ ಮೇಲಿನ ಪದರದ ಮೇಲೆ ಜೀವಕೋಶ ಸಾಕುವುದು ಹೇಗೆ? ಗಟ್ಟಿ ತಳದ ಮೇಲೆ, ಬಿಟ್ಟುಹೋಗದಂತೆ ಅಣುಗಳನ್ನು ನಿಲ್ಲಿಸುವ ಉಪಾಯ ಬೇಕಿತ್ತು. ಅದು ದೊರೆತದ್ದು 1983ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿನ ರಾಲ್ಫ್ ನುಜ್ಜೊ ಮತ್ತು ಡೇವಿಡ್ ಅಲಾರಾ ಆರಿಸಿಕೊಂಡ ತಳ ಬಂಗಾರ, ಅಂಟು ಗಂಧಕ.

ಬೆಳ್ಳಿಯ ಆಭರಣ ಕಪ್ಪಾಗುವುದು ಗಂಧಕದ ಸಂಗದಿಂದ ಎಂಬುದು ನಿಮಗೆ ಗೊತ್ತು. ಬಂಗಾರ ಹಾಗೆ ಕಪ್ಪಾಗುವುದಿಲ್ಲ. ಗಾಳಿಯ ಆಮ್ಲಜನಕಕ್ಕೂ ಅದು ಸೊಪ್ಪು ಹಾಕುವುದಿಲ್ಲ. ಆದರೂ ಅದರ ತೀರ ಹೊರಗಿನ ಪರಮಾಣುಗಳಿಗೆ ಗಂಧಕವೆಂದರೆ ಒಲವು. ಒಂದು ತುದಿಯಲ್ಲಿ ಗಂಧಕ ಇರುವ ಉದ್ದನೆಯ ಇಂಗಾಲದ ಸರಪಳಿಗಳಿಗೆ ಥಯಾಲ್ ಎಂದು ಹೆಸರು. ಗಾಜಿನ ಮೇಲೆ ತೆಳುವಾಗಿ ಬಂಗಾರ ಹಿಡಿಸಿ, ಥಯಾಲ್ ಕರಗಿಸಿದ ದ್ರವದಲ್ಲಿ ಇಡ್ಲಿ ಹಿಟ್ಟು ಹುದುಗುವಷ್ಟು ಹೊತ್ತು, ಒಂದು ರಾತ್ರಿ, ಅದ್ದಿಟ್ಟರೆ ಸಾಕು. ಅಣುಗಳು ಗಂಧಕದ ತುದಿಯನ್ನು ಬಂಗಾರಕ್ಕೆ ಊರಿ, ಬಾಲವನ್ನು ಮೇಲೆತ್ತಿ, ಗದ್ದೆಯ ಪೈರಿನಂತೆ ಒತ್ತೊತ್ತಾಗಿ ತುಸು ಓರೆಯಾಗಿ ನಿಲ್ಲುತ್ತವೆ. ಯಾರೂ ನಾಟಿ ಮಾಡಬೇಕಿಲ್ಲ, ತಾವೇ ಸಾಲಾಗುತ್ತವೆ. ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಸುಮಾರು 450 ಲಕ್ಷ ಕೋಟಿ ಅಣುಗಳು! ಪೈರಿನ ಎತ್ತರ ಸುಮಾರು ಎರಡು ನ್ಯಾನೊಮೀಟರ್, ನಮ್ಮ ತಲೆಗೂದಲ ದಪ್ಪದ ನಲವತ್ತು ಸಾವಿರದಲ್ಲಿ ಒಂದು ಪಾಲು.

ಈ ಪೈರಿನ ಸೊಗಸು ಇರುವುದು ತೆನೆಯಲ್ಲಿ. ಹೊರಗಿನ ಲೋಕ ಮುಟ್ಟುವುದು ಮೇಲಿನ ತುದಿಯನ್ನು ಮಾತ್ರ. ಆ ತುದಿಯಲ್ಲಿ ಯಾವ ರಾಸಾಯನಿಕ ಗುಂಪನ್ನು ಕೂರಿಸುತ್ತೇವೋ ನೆಲದ ಸ್ವಭಾವ ಅದೇ. ಎಣ್ಣೆಯಂಥ ತುದಿ ಕೊಟ್ಟರೆ ಪ್ರೋಟೀನುಗಳು ಮುಗಿಬಿದ್ದು ಅಂಟುತ್ತವೆ. ಎಥಿಲೀನ್ ಗ್ಲೈಕಾಲ್ ಎಂಬ ಗುಂಪಿನ ತುಣುಕುಗಳನ್ನು ಕೊಟ್ಟರೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಕೆವಿನ್ ಪ್ರೈಮ್ ಮತ್ತು ಜಾರ್ಜ್ ವೈಟ್‌ಸೈಡ್ಸ್ 1991ರಲ್ಲಿ ತೋರಿಸಿದಂತೆ ಪ್ರೋಟೀನುಗಳು ಹತ್ತಿರ ಸುಳಿದರೂ ಅಂಟುವುದಿಲ್ಲ. ಆ ತುದಿಗಳು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತವೆ. ಆ ನೀರನ್ನು ಸರಿಸಿ ಒಳಗೆ ಬರುವುದು ಪ್ರೋಟೀನಿಗೆ ಲಾಭದ ವ್ಯವಹಾರವಲ್ಲ. ಪ್ರೋಟೀನಿನ ಪಾಲಿಗೆ ಇದು ಪಳಗಿದ ಕಾವಲಿ.

ಬದುಕಿನ ಮೊಹರು, ಸಾವಿನ ಮೊಹರು

ಅಂಟುವ ನೆಲ ಸಿಕ್ಕಿತು, ಅಂಟದ ನೆಲವೂ ಸಿಕ್ಕಿತು. ಎರಡನ್ನೂ ಒಂದೇ ತಟ್ಟೆಯಲ್ಲಿ ಬೇಕಾದ ಚಿತ್ತಾರದಲ್ಲಿ ಹಾಕುವುದು ಹೇಗೆ? ವೈಟ್‌ಸೈಡ್ಸ್ ಅವರ ತಂಡ ಹುಡುಕಿದ ದಾರಿ ಕೇಳಿದರೆ ನಗು ಬರುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಒತ್ತುವ ರಬ್ಬರ್ ಮೊಹರು! ಅಮಿತ್ ಕುಮಾರ್ ಮತ್ತು ವೈಟ್‌ಸೈಡ್ಸ್ 1993ರಲ್ಲಿ ಇದನ್ನು ವರದಿ ಮಾಡಿದರು. ಸಿಲಿಕೋನ್ ರಬ್ಬರಿನಲ್ಲಿ ಮಿಲಿಮೀಟರಿನ ಸಾವಿರದ ಭಾಗದಷ್ಟು ನವುರಾದ ಅಚ್ಚು ತೆಗೆಯುವುದು, ಥಯಾಲನ್ನೇ ಶಾಯಿಯಂತೆ ಸವರಿ ಬಂಗಾರದ ಮೇಲೆ ಕೆಲವು ಕ್ಷಣ ಒತ್ತುವುದು. ಮೊಹರು ಬಿದ್ದ ಜಾಗದಲ್ಲಿ ‘ಅಂಟುವ’ ಪೈರು ನಿಲ್ಲುತ್ತದೆ. ಉಳಿದ ಬಯಲಿಗೆ ‘ಅಂಟದ’ ಪೈರನ್ನು ತುಂಬಿದರಾಯಿತು. ಅನಂತರ ಫೈಬ್ರೊನೆಕ್ಟಿನ್ ದ್ರವದಲ್ಲಿ ಅದ್ದಿದರೆ ಅದು ಮೊಹರಿನ ಗುರುತುಗಳ ಮೇಲೆ ಮಾತ್ರ ಕೂರುತ್ತದೆ. ಸಮುದ್ರದ ನಡುವೆ ದ್ವೀಪಗಳಂತೆ. ಮೇಲೆ ಕೋಶಗಳನ್ನು ಚೆಲ್ಲಿದರೆ ಅವು ದ್ವೀಪ ಹುಡುಕಿ ಹತ್ತುತ್ತವೆ. ಚೌಕ ದ್ವೀಪ ಹತ್ತಿದ್ದು ಚೌಕವಾಗುತ್ತದೆ, ಉದ್ದ ದ್ವೀಪ ಹತ್ತಿದ್ದು ಉದ್ದವಾಗುತ್ತದೆ.

ರಾಹುಲ್ ಸಿಂಘ್ವಿ ಮತ್ತು ಸಂಗಡಿಗರು 1994ರಲ್ಲಿ ಪಿತ್ತಜನಕಾಂಗದ ಕೋಶಗಳನ್ನು ಇಂಥ ದ್ವೀಪಗಳಲ್ಲಿ ಕೂರಿಸಿ, ಹರಡಿಕೊಳ್ಳುವ ಜಾಗ ಹೆಚ್ಚು ಕಡಿಮೆ ಮಾಡಿದರೆ ಕೋಶದ ಬೆಳವಣಿಗೆಯೂ ಅದು ಸ್ರವಿಸುವ ಪ್ರೋಟೀನೂ ಬದಲಾಗುತ್ತವೆ ಎಂದು ತೋರಿಸಿದರು.

ನಿಜವಾದ ಪರೀಕ್ಷೆ ನಡೆದದ್ದು ಮೂರು ವರ್ಷಗಳ ನಂತರ. ಫೋಕ್‌ಮನ್ ಅವರ ಗರಡಿಯಲ್ಲಿ ಪಳಗಿದ ಡೊನಾಲ್ಡ್ ಇಂಗ್ಬರ್, ವೈಟ್‌ಸೈಡ್ಸ್ ಅವರ ಜೊತೆಗಿದ್ದ ಮಿಲನ್ ಮರ್ಕ್ಸಿಚ್, ಕ್ರಿಸ್ಟಫರ್ ಚೆನ್ ಮೊದಲಾದವರು ಸೇರಿ ಮಾಡಿದ ಪ್ರಯೋಗ ಅದು. ಲೋಮನಾಳ, ಅಂದರೆ ಕೂದಲಿಗಿಂತ ಸಣ್ಣ ರಕ್ತನಾಳದ ಒಳಪದರದ ಕೋಶಗಳನ್ನು ಬೇರೆ ಬೇರೆ ಗಾತ್ರದ ದ್ವೀಪಗಳ ಮೇಲೆ ಬಿಟ್ಟರು. ಮನುಷ್ಯನ ಕೋಶ, ದನದ ಕೋಶ ಎರಡನ್ನೂ ನೋಡಿದರು. ಎಲ್ಲಕ್ಕೂ ಒಂದೇ ಆಹಾರ, ಒಂದೇ ಬೆಚ್ಚಗಿನ ಪೆಟ್ಟಿಗೆ. ದೊಡ್ಡ ದ್ವೀಪದಲ್ಲಿ ಕೈಕಾಲು ಚಾಚಿ ಕೂತ ಕೋಶಗಳು ಬೆಳೆದು ವಿಭಜನೆಗೊಂಡವು. ದ್ವೀಪ ಕಿರಿದಾಗುತ್ತ ಹೋದಂತೆ ಬೆಳವಣಿಗೆ ತಗ್ಗಿತು. ತೀರ ಸಣ್ಣ ದ್ವೀಪದಲ್ಲಿ ಮುದುಡಿ ಕೂತ ಕೋಶಗಳು ಸತ್ತವು. ಹಸಿವಿನಿಂದಲ್ಲ, ವಿಷದಿಂದಲ್ಲ. ತಮ್ಮೊಳಗಿನ ಆತ್ಮನಾಶದ ವ್ಯವಸ್ಥೆಯನ್ನು ತಾವೇ ಚಾಲೂ ಮಾಡಿಕೊಂಡು.

ಈಗ ಫೋಕ್‌ಮನ್ ಕಾಲದ ಆ ತಕರಾರು ಮತ್ತೆ ಬಂತು. ಸಣ್ಣ ದ್ವೀಪದಲ್ಲಿ ಹಿಡಿದುಕೊಳ್ಳಲು ಫೈಬ್ರೊನೆಕ್ಟಿನ್ನೂ ಕಡಿಮೆ ತಾನೆ? ಸತ್ತದ್ದು ಅದಕ್ಕೇ ಇರಬಾರದೇಕೆ? ಇದಕ್ಕೆ ಅವರು ಕೊಟ್ಟ ಉತ್ತರ ಈ ವಿಷಯದ ಎಲ್ಲ ಕಥೆಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು. ಒಂದು ದ್ವೀಪವನ್ನು ಒಡೆದು ಹತ್ತಾರು ಚುಕ್ಕೆಗಳನ್ನಾಗಿ ಮಾಡಿ, ಚುಕ್ಕೆಗಳ ನಡುವೆ ಅಂತರ ಬಿಟ್ಟರು. ರಂಗೋಲಿ ಪುಡಿ ಅಷ್ಟೇ; ಒಂದೇ ಕಡೆ ಗುಡ್ಡೆ ಹಾಕುವ ಬದಲು ಚುಕ್ಕೆ ಇಟ್ಟರು, ಅಷ್ಟೇ ವ್ಯತ್ಯಾಸ. ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲು ಹಾಕುವಂತೆ ಕೋಶ ಚುಕ್ಕೆಯಿಂದ ಚುಕ್ಕೆಗೆ ಚಾಚಿಕೊಂಡು ಅಗಲವಾಯಿತು. ಮುಟ್ಟಿದ ನೆಲದ ಒಟ್ಟು ಪ್ರಮಾಣ ಹೆಚ್ಚಿಲ್ಲ. ಆದರೂ ಕೋಶ ಬದುಕಿತು, ಬೆಳೆಯಿತು!

ಹಾಗಾದರೆ ನಿರ್ಣಾಯಕವಾದದ್ದು ನೆಲ ಎಷ್ಟಿದೆ ಎಂಬುದಲ್ಲ. ಆ ನೆಲ ಕೋಶಕ್ಕೆ ಎಷ್ಟು ಅಗಲ ನಿಲ್ಲಲು ಬಿಡುತ್ತದೆ ಎಂಬುದು. 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಕೆಲಸದ ಬಳಿಕ ಕೋಶದ ಆಕಾರವನ್ನು ಅದರ ಒಳಗಿನ ಸ್ಥಿತಿಯ ಪರಿಣಾಮ ಎಂದಷ್ಟೇ ನೋಡುವಂತಿರಲಿಲ್ಲ. ಆಕಾರವೇ ಕಾರಣವೂ ಆಗಬಲ್ಲದು.

ನೆಲೆ ತಪ್ಪಿದವರು

ಇಷ್ಟಕ್ಕೂ ಕೋಶಕ್ಕೆ ಈ ಹಟ ಏಕೆ? ನಮ್ಮ ಒಳಿತಿಗಾಗಿಯೇ. ದೇಹದಲ್ಲಿ ಪ್ರತಿ ಕೋಶಕ್ಕೂ ಒಂದು ವಿಳಾಸವಿದೆ. ಜಾಗ ಬಿಟ್ಟು ಕದಲಿದ ಕೋಶ ಬೇರೆಡೆ ಹೋಗಿ ಮನೆ ಮಾಡಿದರೆ ಅನಾಹುತ. ಆದ್ದರಿಂದ ನೆಲ ಬಿಟ್ಟ ಕೋಶ ಸಾಯಬೇಕೆಂಬ ಕಟ್ಟಳೆ. ಸ್ಟೀವನ್ ಫ್ರಿಷ್ ಮತ್ತು ಹಂಟರ್ ಫ್ರಾನ್ಸಿಸ್ 1994ರಲ್ಲಿ ಇದನ್ನು ಗುರುತಿಸಿದರು. ಈ ಸಾವಿಗೆ ‘ಅನೊಯ್ಕಿಸ್’ ಎಂಬ ಹೆಸರು ನಿಂತಿತು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮನೆಯಿಲ್ಲದಿರುವುದು. ನಮ್ಮ ಕರುಳಿನ ಒಳಪದರದ ಕೋಶಗಳು ನಾಲ್ಕೈದು ದಿನ ದುಡಿದು ತುದಿಗೆ ಬಂದು ಉದುರುತ್ತವೆ. ಉದುರಿದ್ದು ಮತ್ತೆ ಎಲ್ಲೂ ಬೇರು ಬಿಡುವುದಿಲ್ಲ.

ಈ ಕಟ್ಟಳೆ ಮುರಿಯುವವರು ಯಾರು? ಕ್ಯಾನ್ಸರ್ ಕೋಶಗಳು. ಕೋಶಗಳು ಕ್ಯಾನ್ಸರಿನ ಹಾದಿ ಹಿಡಿದಿವೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪರೀಕ್ಷೆಯೊಂದಿದೆ. ಕಾಲೂರಲು ಆಗದ ಮೆತ್ತನೆಯ ಅಗರ್ ಲೋಳೆಯಲ್ಲಿ ತೇಲಿಬಿಡುವುದು. ಸಾಧಾರಣ ಕೋಶ ಅಲ್ಲಿ ಬೆಳೆಯುವುದಿಲ್ಲ. ಕ್ಯಾನ್ಸರ್ ಕೋಶ ಏನೂ ಆಗಿಲ್ಲವೆಂಬಂತೆ ಗುಂಪುಗಟ್ಟಿ ಬೆಳೆಯುತ್ತದೆ. ಸ್ತನದಲ್ಲಿ ಹುಟ್ಟಿದ ಗೆಡ್ಡೆ ರಕ್ತದಲ್ಲಿ ತೇಲಿ ಮೂಳೆಯಲ್ಲೋ ಶ್ವಾಸಕೋಶದಲ್ಲೋ ಬೇರೂರುವುದು ಈ ನಿರ್ಭೀತಿಯ ಬಲದಿಂದಲೇ. ಕ್ಯಾನ್ಸರಿನಿಂದ ಆಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಹೀಗೆ ಹರಡುವುದೇ ಕಾರಣ. ನೆಲದ ಮಾತನ್ನು ಕೋಶ ಹೇಗೆ ಕೇಳುತ್ತದೆ ಎಂದು ತಿಳಿದರೆ, ಹೇಗೆ ಕೇಳದೇ ಹೋಗುತ್ತದೆ ಎಂಬುದೂ ತಿಳಿಯಬಹುದು.

ಕೇಳುವ ಬಗೆ ಈಗ ಸ್ವಲ್ಪ ಸ್ವಲ್ಪ ತಿಳಿದಿದೆ. ಕೋಶದೊಳಗೆ ಹಗ್ಗಗಳಂಥ ಎಳೆಗಳಿವೆ. ಕೋಶ ನೆಲವನ್ನು ಹಿಡಿದು ಆ ಹಗ್ಗಗಳಿಂದ ಎಳೆಯುತ್ತದೆ, ಡೇರೆ ಕಟ್ಟುವವರು ಗೂಟಕ್ಕೆ ಹಗ್ಗ ಬಿಗಿದ ಹಾಗೆ. ಬಿಗಿತ ಸಿಕ್ಕರೆ ‘ಯಾಪ್’ ಎಂಬ ಪ್ರೋಟೀನು ಕೋಶಕೇಂದ್ರದ ಒಳಗೆ ಹೋಗಿ ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಬಿಗಿತ ಇಲ್ಲದಿದ್ದರೆ ಹೊರಗೇ ಉಳಿಯುತ್ತದೆ. ಇಟಲಿಯ ಪಾದುವಾದಲ್ಲಿ ಸ್ಟೆಫಾನೊ ಪಿಕ್ಕೊಲೊ ಅವರ ತಂಡ 2011ರಲ್ಲಿ ಇದನ್ನು ಪ್ರಕಟಿಸಿತು.

ಬದುಕು ಸಾವಿನ ತೀರ್ಮಾನ ಮಾತ್ರವಲ್ಲ, ಕಸುಬಿನ ತೀರ್ಮಾನವೂ ನೆಲದ ಕೈಯಲ್ಲಿದೆ. ಅಸ್ಥಿಮಜ್ಜೆಯ ಕಾಂಡಕೋಶ ಕೊಬ್ಬಿನ ಕೋಶವೂ ಆಗಬಲ್ಲದು, ಮೂಳೆಯ ಕೋಶವೂ ಆಗಬಲ್ಲದು. ಸಣ್ಣ ದ್ವೀಪ ಕೊಟ್ಟರೆ ಕೊಬ್ಬಿನತ್ತ, ದೊಡ್ಡದು ಕೊಟ್ಟರೆ ಮೂಳೆಯತ್ತ ವಾಲುತ್ತದೆಂದು ಚೆನ್ ಅವರ ತಂಡ 2004ರಲ್ಲಿ ತೋರಿಸಿತು. ಮರ್ಕ್ಸಿಚ್ ತಂಡ 2010ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವಿಸ್ತೀರ್ಣ ಒಂದೇ ಇಟ್ಟು ಅಂಚನ್ನಷ್ಟೇ ಬದಲಿಸಿದರು. ಹೂವಿನಂತೆ ದುಂಡನೆಯ ಅಂಚಿನ ದ್ವೀಪದಲ್ಲಿ ಹೆಚ್ಚು ಕೋಶಗಳು ಕೊಬ್ಬಾದವು. ನಕ್ಷತ್ರದಂತೆ ಚೂಪಾದ ಅಂಚಿನ ದ್ವೀಪದಲ್ಲಿ ಹೆಚ್ಚು ಕೋಶಗಳು ಮೂಳೆಯಾದವು. ಈ ನಡುವೆ 2006ರಲ್ಲಿ ಫಿಲಡೆಲ್ಫಿಯದ ಡೆನಿಸ್ ಡಿಶರ್ ತಂಡ ನೆಲದ ಗಡಸುತನವನ್ನೇ ಬದಲಿಸಿ ನೋಡಿತ್ತು. ಮಿದುಳಿನಷ್ಟು ಮೆದುವಾದ ನೆಲದಲ್ಲಿ ನರಕೋಶದ ಲಕ್ಷಣ, ಸ್ನಾಯುವಿನಷ್ಟು ಗಟ್ಟಿಯಲ್ಲಿ ಸ್ನಾಯುವಿನ ಲಕ್ಷಣ, ಅದಕ್ಕೂ ಗಟ್ಟಿಯಲ್ಲಿ ಮೂಳೆಯ ಲಕ್ಷಣ ಕಂಡಿತು. ಆ ಕೆಲಸದಲ್ಲಿದ್ದ ಶಮಿಕ್ ಸೇನ್ ಆಮೇಲೆ ಮುಂಬೈನ ಐಐಟಿಯಲ್ಲಿ ಪ್ರಾಧ್ಯಾಪಕರಾದರು.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಒಂದು ಎಳೆ ಇದೆ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆಸಿ ನಂತರ ಸಿಂಗಪುರಕ್ಕೆ ಹೋದ ಜಿ.ವಿ. ಶಿವಶಂಕರ್ ಅವರ ಆಸಕ್ತಿ ಕೋಶಕೇಂದ್ರದ ಮೇಲೆ. ಹೊರಗಿನ ಎಳೆತ ಸೆಳೆತ ಒಳಗಿನ ಡಿಎನ್‌ಎ ಸುರುಳಿಯವರೆಗೆ ಹೇಗೆ ಮುಟ್ಟುತ್ತದೆ ಎಂಬುದು ಅವರ ಪ್ರಶ್ನೆ. ಅವರ ತಂಡ 2018ರಲ್ಲಿ ಇಲಿಯ ಕೋಶಗಳನ್ನು ಫೈಬ್ರೊನೆಕ್ಟಿನ್ನಿನ ಆಯತಾಕಾರದ ಕಿರಿದಾದ ದ್ವೀಪಗಳಲ್ಲಿ ಸುಮಾರು ಹತ್ತು ದಿನ ಬೆಳೆಸಿತು. ಹೊರಗಿನಿಂದ ಯಾವ ಜೀನನ್ನೂ ಔಷಧವನ್ನೂ ಸೇರಿಸದೆ, ಜಾಗದ ಇಕ್ಕಟ್ಟಿನಿಂದಷ್ಟೇ ಆ ಕೋಶಗಳಲ್ಲಿ ಕೆಲವು ತಮ್ಮ ಕಸುಬು ಮರೆತು ಕಾಂಡಕೋಶದ ಲಕ್ಷಣ ತೋರಿದವು.

ತಕ್ಕಡಿಯೂ ಅದೇ

ಪ್ರೋಟೀನುಗಳ ಅಧ್ಯಯನಕ್ಕೂ ಇದೇ ನೆಲ ಉಪಯೋಗಕ್ಕೆ ಬಂದಿದೆ. ಎಚ್‌ಐವಿ, ಡೆಂಗಿ ಮುಂತಾದ ರೋಗಗಳ ಪತ್ತೆಗೆ ಮಾಡುವ ‘ಎಲೈಸಾ’ ಪರೀಕ್ಷೆಯ ಹೆಸರು ಕೇಳಿರುತ್ತೀರಿ. ಸ್ವೀಡನ್ನಿನ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ 1971ರಲ್ಲಿ ವಿವರಿಸಿದ ವಿಧಾನ ಅದು. ಪ್ಲಾಸ್ಟಿಕ್ ಕುಳಿಗಳಿಗೆ ಪ್ರೋಟೀನನ್ನು ಅಂಟಿಸಿ, ಉಳಿದ ಖಾಲಿ ಜಾಗಕ್ಕೆ ಬೇಡದ್ದು ಅಂಟದಿರಲೆಂದು ಇನ್ನೊಂದು ಪ್ರೋಟೀನನ್ನು ಬಳಿಯುತ್ತಾರೆ. ಎಷ್ಟೋ ಕಡೆ ಅದಕ್ಕೆ ಬಳಸುವುದು ಕೆನೆ ತೆಗೆದ ಹಾಲಿನ ಪುಡಿ! ಕೆಲಸ ನಡೆಯುತ್ತದೆ. ಆದರೆ ಪ್ಲಾಸ್ಟಿಕ್ಕಿಗೆ ಅಡ್ಡಾದಿಡ್ಡಿ ಅಂಟಿದ ಪ್ರೋಟೀನುಗಳಲ್ಲಿ ಕೆಲವು ಮಡಿಕೆ ಬಿಚ್ಚಿಹೋಗಿ ಕೆಲಸಕ್ಕೆ ಬಾರದಂತಾಗುತ್ತವೆ.

ಬಂಗಾರದ ಪೈರಿನಲ್ಲಿ ಈ ರಗಳೆ ಕಡಿಮೆ. ಅಂಟದ ಅಣುಗಳ ನಡುವೆ ಅಲ್ಲೊಂದು ಇಲ್ಲೊಂದರಂತೆ, ಲೆಕ್ಕ ಹಾಕಿ, ಬೇಕಾದ ಅಣುವನ್ನು ಮಾತ್ರ ನೆಡಬಹುದು. ಮರ್ಕ್ಸಿಚ್ ಅವರು 2002ರಿಂದ ಬೆಳೆಸಿದ ವಿಧಾನದಲ್ಲಿ ನೆಲವೇ ತಕ್ಕಡಿಗೂ ಹೋಗುತ್ತದೆ. ಪ್ರೋಟೀನಿನ ತುಣುಕನ್ನು ನೆಟ್ಟು, ಅದರ ಮೇಲೆ ಕಿಣ್ವವನ್ನು ಕೆಲಸಕ್ಕೆ ಬಿಟ್ಟು, ಆಮೇಲೆ ಲೇಸರ್ ಬೆಳಕಿನಿಂದ ಆ ಅಣುಗಳನ್ನು ಬಂಗಾರದಿಂದ ಚಿಮ್ಮಿಸಿ ತೂಗುವುದು. ಕಿಣ್ವ ಒಂದು ಫಾಸ್ಫೇಟನ್ನು ಸೇರಿಸಿದ್ದರೆ ತೂಕ ಸರಿಯಾಗಿ 80 ಮಾನ ಹೆಚ್ಚು ಬರುತ್ತದೆ. ಬಣ್ಣ ಹಚ್ಚಬೇಕಿಲ್ಲ, ವಿಕಿರಣದ ಗುರುತು ಹಾಕಬೇಕಿಲ್ಲ. ಔಷಧವಾಗಬಹುದಾದ ಸಾವಿರಾರು ಪದಾರ್ಥಗಳಲ್ಲಿ ಯಾವುದು ಆ ಕಿಣ್ವದ ಕೈ ಕಟ್ಟುತ್ತದೆ ಎಂದು ಬೇಗ ಬೇಗ ಜಾಲಿಸಿ ನೋಡಬಹುದು.

ಹಾಗೆಂದು ಎಲ್ಲವೂ ಬಂಗಾರವಲ್ಲ. ಗಂಧಕ ಮತ್ತು ಬಂಗಾರದ ಬೆಸುಗೆ ಗಾಳಿ ನೀರಿನಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ. ಕೆಲವು ವಾರಗಳ ಪ್ರಯೋಗಕ್ಕೆ ಸಾಕು, ಇಡೀ ಆಯುಷ್ಯ ದೇಹದೊಳಗೆ ಇರಬೇಕಾದ ಸ್ಟೆಂಟಿಗೆ ಸಾಲದು. ಏನೇನೂ ಅಂಟದ, ಎಂದೆಂದೂ ಅಂಟದ ಲೇಪ ಯಾರ ಕೈಗೂ ಸಿಕ್ಕಿಲ್ಲ. ಆಸ್ಪತ್ರೆಗಳಲ್ಲಿ ಮೂತ್ರದ ನಳಿಗೆಯಿಂದ ಸೋಂಕು ತಗುಲುವುದು ಇಂದಿಗೂ ನಿಂತಿಲ್ಲ. ಇನ್ನು ಕೋಶಗಳ ವಿಚಾರ: ನಮ್ಮ ದೇಹದಲ್ಲಿ ಅವು ಗಾಜಿನಂಥ ಸಪಾಟು ನೆಲದ ಮೇಲೆ ಒಂಟಿಯಾಗಿ ಕೂತಿಲ್ಲ. ಸುತ್ತಲೂ ಮೆತ್ತಗೆ, ಮೇಲೂ ಕೆಳಗೂ ನೆರೆಹೊರೆ. ದ್ವೀಪದ ಕೋಶ ಹೇಳುವುದು ಪೂರ್ತಿ ಸತ್ಯವಲ್ಲ. ಅದು ಕೇಳಿದ ಒಂದು ಪ್ರಶ್ನೆಗೆ ಕೊಟ್ಟ ಒಂದು ಉತ್ತರ.

ಆದರೆ ಆ ಒಂದು ಉತ್ತರದಿಂದ ನಾವು ಕಲಿಯಬೇಕಾದ ಎಚ್ಚರ ದೊಡ್ಡದು. ‘ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶ ಕೊಂದ ಗಿಡಮೂಲಿಕೆ’, ‘ಕೋಶಗಳನ್ನು ಚಿಗುರಿಸಿದ ಹೊಸ ಔಷಧ’ ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಓದಿದವರು ಮಾತ್ರೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅಂಥ ಪ್ರಯೋಗಗಳಲ್ಲಿ ಬಹುಪಾಲು ನಡೆಯುವುದು ಮೂಳೆಗಿಂತ ಗಡುಸಾದ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅಲ್ಲಿ ಸತ್ತ ಕೋಶ ದೇಹದಲ್ಲಿ ಸಾಯದೇ ಇರಬಹುದು. ಅಲ್ಲಿ ಬೆಳೆದದ್ದು ಇಲ್ಲಿ ಬೆಳೆಯದೇ ಇರಬಹುದು. ಆದ್ದರಿಂದ ಇನ್ನು ಮುಂದೆ ಅಂಥ ಸುದ್ದಿ ಕಣ್ಣಿಗೆ ಬಿದ್ದಾಗ, ಕೋಶಕ್ಕೆ ಏನು ತಿನ್ನಿಸಿದರು ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಅದನ್ನು ಎಲ್ಲಿ ಕೂರಿಸಿದ್ದರು?